ಮಲ್ಲಿಗೆ ಮುಡಿಗೆ, ಏಲಕ್ಕಿ ಬಾಯಿಗೆ

ಬಂಟ್ವಾಳದ ಕಡೆಯ ಮದುವೆ ಮನೆಗಳಲ್ಲಿ ಮೂಗಿಗೆ ಮೊದಲು ಬರುವುದು ಮಲ್ಲಿಗೆ. ಹೆಂಗಸರ ಮುಡಿಯಲ್ಲಿ ಉಡುಪಿ ಮಲ್ಲಿಗೆಯ ಚೆಂಡು, ಮಂಟಪದ ಕಂಬಕ್ಕೆ ಮಲ್ಲಿಗೆ, ಮದುಮಕ್ಕಳ ಕೊರಳಲ್ಲಿ ಮಲ್ಲಿಗೆ. ಕರಾವಳಿಯವರಿಗೆ ಇದಕ್ಕಿಂತ ಪ್ರಿಯವಾದ ಪರಿಮಳ ಇನ್ನೊಂದಿದೆ ಎಂದು ಹೇಳುವುದು ಕಷ್ಟ. ಆದರೆ ಊಟ ಮುಗಿಸಿ ಕೈ ತೊಳೆದು ಬಂದವರು ಬಾಯಿಗೆ ಮಲ್ಲಿಗೆ ಹಾಕಿಕೊಳ್ಳುವುದಿಲ್ಲ. ಅವರ ಕೈ ಹೋಗುವುದು ಬಾಗಿಲ ಬಳಿ ಇಟ್ಟ ತಟ್ಟೆಗೆ. ಅಲ್ಲಿ ವೀಳ್ಯದೆಲೆ, ಅಡಿಕೆ ಹೋಳು, ಸುಣ್ಣ. ಪಕ್ಕದ ಬಟ್ಟಲಲ್ಲಿ ಸೋಂಪು, ಕಲ್ಲುಸಕ್ಕರೆ, ಒಂದೆರಡು ಏಲಕ್ಕಿ, ಲವಂಗ.

ಗಂಧ ಮೈಗೆ, ನಿಂಬೆ ಪಾತ್ರೆ ತೊಳೆಯುವ ಸಾಬೂನಿಗೆ, ಮಲ್ಲಿಗೆ ಮುಡಿಗೆ. ಬಾಯಿಗೆ ಮಾತ್ರ ಬೇರೆಯೇ ಪಟ್ಟಿ. ಎಲ್ಲವೂ ಒಳ್ಳೆಯ ಪರಿಮಳವೇ ಆಗಿರುವಾಗ, ಇಂಥದ್ದು ಮಾತ್ರ ಬಾಯಿ ಸ್ವಚ್ಛವಾಗಿದೆ ಎಂದು ಹೇಳುತ್ತದೆ, ಇನ್ನೊಂದು ಹೇಳುವುದಿಲ್ಲ. ಅದು ಏಕೆ ಎಂಬುದೇ ಇಂದಿನ ಮಾತಿನ ವಿಷಯ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಷ್ಟು ಈ ಪ್ರಶ್ನೆಗೆ ಹೊಂದುವ ಊರುಗಳು ಕಡಿಮೆ. ಬಾಯಿಗೆ ಹಾಕುವ ಅಡಿಕೆಯೂ ಎಲೆಯೂ ಇಲ್ಲಿಯ ತೋಟದಲ್ಲೇ ಬೆಳೆಯುತ್ತವೆ. ಬಾಯಿಯ ಶುದ್ಧಿಯ ಬಗ್ಗೆ ಬೇರೆ ಬೇರೆ ನಂಬಿಕೆಯ ಜನ ಇಲ್ಲಿ ಒಂದೇ ಬೀದಿಯಲ್ಲಿ ಬದುಕುತ್ತಾರೆ.

ಮೊದಲು ಮಾತನ್ನೇ ನೋಡಬಹುದು. ‘ಹೂವಿನ ವಾಸನೆ’ ಎಂದರೆ ಒಳ್ಳೆಯದು, ‘ಬಾಯಿ ವಾಸನೆ’ ಎಂದರೆ ಕೆಟ್ಟದ್ದು. ‘ನಾರು’ ಎಂಬ ಕ್ರಿಯಾಪದ ಹಳಗನ್ನಡದಲ್ಲಿ ಸುವಾಸನೆಗೂ ಸಲ್ಲುತ್ತಿತ್ತು. ‘ನರುಗಂಪು’ ಎಂಬ ಚೆಂದದ ಮಾತು ಅದರ ನೆನಪನ್ನು ಉಳಿಸಿಕೊಂಡಿದೆ. ಇಂದು ‘ನಾರುತ್ತದೆ’ ಎಂದರೆ ಮೂಗು ಮುಚ್ಚಿಕೊಳ್ಳಬೇಕು. ಕನ್ನಡದವರು ಒಗ್ಗರಣೆ ‘ಕಮ್ಮನೆ’ ಇದೆ ಎಂದು ಹೊಗಳುತ್ತಾರೆ. ತುಳುವಿನಲ್ಲಿ ‘ಕಮ್ಮೆನ’ ಎಂಬುದು ಬಹುಮಟ್ಟಿಗೆ ನಾತಕ್ಕೇ ಸಲ್ಲುವ ಮಾತು. ಒಂದು ಭಾಷೆಯಲ್ಲಿ ಹೊಗಳಿಕೆಯಾದದ್ದು ಇನ್ನೊಂದರಲ್ಲಿ ದೂರು. ವಾಸನೆಗೆ ಒಳ್ಳೆಯದು ಕೆಟ್ಟದ್ದು ಎಂಬ ಬೆಲೆ ಕಟ್ಟುವುದು ಮೂಗೊಂದೇ ಅಲ್ಲ, ಬಳಕೆಯೂ ಹೌದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಹಾಗಿದ್ದರೂ ಬಾಯಿಯ ದುರ್ವಾಸನೆ ಬರೀ ಬಳಕೆಯ ಮಾತಲ್ಲ. ಅದಕ್ಕೆ ಗಟ್ಟಿಯಾದ ಕಾರಣ ಇದೆ, ಮತ್ತು ಆ ಕಾರಣ ಹೆಚ್ಚಾಗಿ ಇರುವುದು ಹೊಟ್ಟೆಯಲ್ಲಲ್ಲ, ಬಾಯಿಯಲ್ಲೇ. ನಾಲಿಗೆಯ ಹಿಂಭಾಗದ ಒರಟು ಮೈಯಲ್ಲಿ, ವಸಡಿನ ಸಂದಿಯಲ್ಲಿ, ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಮನೆ ಮಾಡಿರುತ್ತವೆ. ಅನ್ನದ ಅಗುಳು, ಬಾಯಿಯ ಒಳಚರ್ಮದಿಂದ ಉದುರಿದ ಕಣ, ಜೊಲ್ಲು, ಇವುಗಳಲ್ಲಿರುವ ಪ್ರೋಟೀನನ್ನು ಅವು ಒಡೆದಾಗ ಗಂಧಕ ಸೇರಿದ ಅನಿಲಗಳು ಹುಟ್ಟುತ್ತವೆ. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯಂತೆ ನಾರುತ್ತದೆ, ಮೀಥೈಲ್ ಮರ್ಕಾಪ್ಟನ್ ಕೊಳೆತ ಎಲೆಕೋಸಿನಂತೆ. ಅಡುಗೆ ಅನಿಲ ಸೋರಿದರೆ ಮನೆಯವರಿಗೆ ಗೊತ್ತಾಗಲೆಂದು ಸಿಲಿಂಡರಿನಲ್ಲಿ ಬೆರೆಸುವ ಈಥೈಲ್ ಮರ್ಕಾಪ್ಟನ್ ಇದೇ ಕುಟುಂಬದ್ದು. ಮನುಷ್ಯನ ಮೂಗು ಈ ವಸ್ತುಗಳ ಅತಿ ಸಣ್ಣ ಅಂಶವನ್ನೂ ಹಿಡಿಯುತ್ತದೆ. ರಾತ್ರಿ ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಬೆಳಗ್ಗೆ ಎದ್ದಾಗ ವಾಸನೆ ಜೋರು. ಬೆಳ್ಳುಳ್ಳಿಯ ಕಥೆ ಬೇರೆ: ಅದರ ಗಂಧಕದ ಒಂದು ಅಂಶ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಉಸಿರಿನ ಜೊತೆ ಹೊರಬರುತ್ತದೆ. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ, ತಾನಾಗಿ ಇಳಿಯಬೇಕು.

ವಿಚಿತ್ರವೆಂದರೆ ತನ್ನ ಬಾಯಿಯ ವಾಸನೆ ತನಗೆ ಗೊತ್ತಾಗುವುದಿಲ್ಲ. ದಿನವಿಡೀ ಇರುವ ವಾಸನೆಗೆ ಮೂಗು ಒಗ್ಗಿಹೋಗುತ್ತದೆ. ಆದ್ದರಿಂದ ಬಾಯಿ ಶುದ್ಧವಾಗಿದೆಯೇ ಎಂದು ತಿಳಿಯಲು ಮನುಷ್ಯನಿಗೆ ಒಂದು ಗುರುತು ಬೇಕು. ಆ ಗುರುತೇ ಪರಿಮಳ.

ಹಿಂದಿನವರು ಶುದ್ಧಿಯನ್ನೂ ಅದರ ಗುರುತಾದ ಪರಿಮಳವನ್ನೂ ಬೇರೆಬೇರೆಯಾಗಿಯೇ ಇಟ್ಟಿದ್ದರು ಎಂಬುದನ್ನು ಗಮನಿಸಬೇಕು. ಚರಕಸಂಹಿತೆಯ ಸೂತ್ರಸ್ಥಾನದ 5ನೆಯ ಅಧ್ಯಾಯದಲ್ಲಿ ದಿನಚರಿಯ ವಿವರ ಬರುತ್ತದೆ. ಅಲ್ಲಿ ಮೊದಲು ಹಲ್ಲುಜ್ಜುವ ಕಡ್ಡಿ: ಒಗರು, ಖಾರ, ಕಹಿ ರುಚಿಯದ್ದು. ಆಮೇಲೆ ನಾಲಿಗೆ ಹೆರೆಯುವ ಲೋಹದ ಪಟ್ಟಿ. ಅದಾದ ಮೇಲೆಯೇ, ಬಾಯಿಗೆ ರುಚಿ ಮತ್ತು ಸುಗಂಧ ಬೇಕೆನ್ನುವವರಿಗೆ, ಜಾಯಿಕಾಯಿ, ಅಡಿಕೆ, ಲವಂಗ, ವೀಳ್ಯದೆಲೆ, ಕರ್ಪೂರ, ಸಣ್ಣ ಏಲಕ್ಕಿ. ತೊಳೆಯುವ ಕೆಲಸ ಮೊದಲು, ಪರಿಮಳ ಕೊನೆಗೆ.

ಬೆಳ್ತಂಗಡಿಯ ಕಡೆಯ ಹಳೆಯ ಮನೆಗಳ ಬೆಳಗೂ ಇದೇ ಕ್ರಮದಲ್ಲಿ ನಡೆಯುತ್ತಿತ್ತು. ಭತ್ತದ ಉಮಿ ಸುಟ್ಟ ಮಸಿಗೆ ಉಪ್ಪು ಬೆರೆಸಿ ಒಂದು ಡಬ್ಬಿಯಲ್ಲಿ ತುಂಬಿ ಬಾವಿಕಟ್ಟೆಯ ಹತ್ತಿರ ಇಡುತ್ತಿದ್ದರು. ಅದಿಲ್ಲದಿದ್ದರೆ ಅಂಗಳದಾಚೆಯ ಮಾವಿನ ಮರದಿಂದ ಒಂದು ಎಲೆ. ಎಲೆಯ ನಡುವಿನ ನಾರು ತೆಗೆದು, ಸುರುಳಿ ಸುತ್ತಿ, ತುದಿಯನ್ನು ಜಗಿದು ಮೆತ್ತಗೆ ಮಾಡಿ ಹಲ್ಲಿನ ಮೇಲೆ ತಿಕ್ಕುವುದು. ಕೊನೆಗೆ ಹಿಡಿಸೂಡಿ ಮಾಡುವಂಥ ತೆಂಗಿನ ಗರಿಯ ಹಸಿ ಕಡ್ಡಿಯೊಂದನ್ನು ಉದ್ದಕ್ಕೆ ಸಿಗಿದು, ಎರಡು ತುದಿ ಹಿಡಿದು ಬಿಲ್ಲಿನಂತೆ ಬಾಗಿಸಿ, ನಾಲಿಗೆಯ ಬುಡದಿಂದ ಮುಂದಕ್ಕೆ ಎಳೆಯುವುದು. ಬಿಳಿಯ ಪದರ ಕಡ್ಡಿಯ ಅಂಚಿಗೆ ಬಂದು ನಿಲ್ಲುತ್ತದೆ. ತೊಳೆದು ಮತ್ತೊಮ್ಮೆ ಎಳೆದು ಕಡ್ಡಿಯನ್ನು ತೆಂಗಿನ ಬುಡಕ್ಕೆ ಎಸೆದರೆ ಕೆಲಸ ಮುಗಿಯಿತು. ಗಂಧಕದ ಅನಿಲ ಹುಟ್ಟುವ ಜಾಗಕ್ಕೇ ಕೈಹಾಕುವ ಈ ಕಡ್ಡಿಗೆ ಪರಿಮಳವೇ ಇಲ್ಲ. ಉಮಿಯ ಮಸಿಗೂ ಇಲ್ಲ. ಮಾವಿನ ಎಲೆಗೆ ಇರುವುದು ಒಗರು, ಕರಾವಳಿಯವರ ಮಾತಿನಲ್ಲಿ ಚೊಗರು.

ಈ ಚೊಗರಿನಲ್ಲೂ ಒಂದು ಗುಟ್ಟಿದೆ. ಒಗರಿಗೆ ಕಾರಣವಾದ ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುಗುಣವನ್ನು ತೆಗೆಯುತ್ತದೆ. ನಾಲಿಗೆಯಾಡಿಸಿದರೆ ಕೆನ್ನೆಯ ಒಳಗೂ ಹಲ್ಲೂ ಬಿಗಿಯಾಗಿ, ಲೋಳೆ ಹೋದಂತೆ ಅನಿಸುತ್ತದೆ. ಮಾವಿನ ಎಲೆಯಲ್ಲಿರುವ ಈ ಗುಣ ಅಡಿಕೆಯಲ್ಲೂ ಇದೆ. ಊಟದ ಮೇಲೆ ಅಡಿಕೆ ಅಗಿದವರು ‘ಬಾಯಿ ಚೊಕ್ಕ ಆಯಿತು’ ಎನ್ನಲು ಈ ಬಿಗಿತವೂ ಒಂದು ಕಾರಣ.

ಇನ್ನು ಎಲೆ ಹಾಕುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಜಗಲಿಯಲ್ಲಿ ಕುಳಿತ ಅಜ್ಜಿ ಕವಳೆಯಿಂದ ಒಂದು ಎಲೆ ಬಿಡಿಸಿ ಸೆರಗಿಗೆ ಒರೆಸುತ್ತಾರೆ. ತೊಟ್ಟು, ತುದಿ ಚಿವುಟುತ್ತಾರೆ. ಬೆನ್ನಿನ ನಾರನ್ನು ಉಗುರಿನಿಂದ ಮೆಲ್ಲನೆ ಎಳೆಯುತ್ತಾರೆ. ಹಸಿರು ಹರಿದ ಆ ಕ್ಷಣಕ್ಕೆ ಎಲೆಯ ಘಾಟು ಹೊರಡುತ್ತದೆ. ತೋರುಬೆರಳಲ್ಲಿ ಸುಣ್ಣ ಸವರಿ, ಅಡಕತ್ತರಿಯಲ್ಲಿ ಕತ್ತರಿಸಿದ ಅಡಿಕೆಯಿಟ್ಟು ಮಡಚುತ್ತಾರೆ. ಹಲ್ಲಿಲ್ಲದವರಿಗೆ ಕುಟ್ಟಾಣಿಯ ಟಕಟಕ. ಮನೆಗೆ ಬಂದವರಿಗೆ ಬೆಲ್ಲ ನೀರಿನ ಹಿಂದೆಯೇ ತಟ್ಟೆ ಸರಿಸಿ ‘ಬಚ್ಚಿರೆ ತಿನ್ಲೆ’ ಎನ್ನುತ್ತಾರೆ; ತುಳುವಿನಲ್ಲಿ ಬಚ್ಚಿರೆ ಎಂದರೆ ವೀಳ್ಯದೆಲೆ, ಬಜ್ಜೆಯಿ ಎಂದರೆ ಅಡಿಕೆ. ಯಕ್ಷಗಾನ ಮೇಳವನ್ನು ಆಟಕ್ಕೆ ಒಪ್ಪಿಸಿದರೆ ‘ವೀಳ್ಯ ಕೊಟ್ಟಾಯಿತು’ ಎನ್ನುವ ನಾಡು ಇದು. ಅತಿಥಿ, ಮದುವೆ, ಒಪ್ಪಂದ, ಮರ್ಯಾದೆ, ಎಲ್ಲದರ ಜೊತೆಗೂ ಆ ಎಲೆಯ ಘಾಟು ಬೆರೆತಿದೆ. ಮೂಗು ಅದನ್ನು ಒಳ್ಳೆಯ ಗಳಿಗೆಯ ಗುರುತಾಗಿ ಕಲಿತದ್ದು ಹೀಗೆ.

ಈ ಕಲಿಕೆ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ 3ನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಭೋಗಗಳ ಸಾಲಿನಲ್ಲಿ ತಾಂಬೂಲಕ್ಕೇ ಒಂದು ಭಾಗ ಮೀಸಲಾಗಿದೆ. 14ನೆಯ ಶತಮಾನದಲ್ಲಿ ಮಂಗಳೂರಿಗೆ ಬಂದಿದ್ದ ಮೊರೊಕ್ಕೊದ ಯಾತ್ರಿಕ ಇಬ್ನ್ ಬತೂತ ವೀಳ್ಯದೆಲೆಯ ಬಗ್ಗೆ ವಿವರವಾಗಿ ಬರೆದು, ಅದು ಬಾಯಿಯ ಕೆಟ್ಟ ವಾಸನೆ ಕಳೆಯುತ್ತದೆ, ಉಂಡದ್ದನ್ನು ಅರಗಿಸುತ್ತದೆ ಎಂದಿದ್ದಾನೆ. 1443ರಲ್ಲಿ ಮಂಗಳೂರಿನ ದಾರಿಯಾಗಿಯೇ ವಿಜಯನಗರಕ್ಕೆ ಹೋದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕನಿಗೆ ಇಮ್ಮಡಿ ದೇವರಾಯನ ಆಸ್ಥಾನದಲ್ಲಿ ಸಿಕ್ಕಿದ ಮರ್ಯಾದೆ ವೀಳ್ಯ, ಹಣ ಮತ್ತು ಕರ್ಪೂರ. ಆ ಕಾಲಕ್ಕೆ ಏಲಕ್ಕಿ ಘಟ್ಟದ ಕಾಡಿನದ್ದು, ಲವಂಗ ಕಡಲಾಚೆಯ ಮಲುಕು ದ್ವೀಪಗಳದ್ದು, ಪಚ್ಚ ಕರ್ಪೂರ ಸುಮಾತ್ರಾ ಕಡೆಯದ್ದು. ದೂರದಿಂದ ಬಂದ, ಬೆಲೆಬಾಳುವ ಪರಿಮಳ ಬಾಯಲ್ಲಿದ್ದರೆ ಅದು ಶುದ್ಧಿಯ ಜೊತೆಗೆ ಅಂತಸ್ತಿನ ಗುರುತೂ ಆಗಿತ್ತು. ಚೀನಾದ ಹಾನ್ ಅರಸರ ಕಾಲದಲ್ಲಿ ಚಕ್ರವರ್ತಿಯ ಮುಂದೆ ಮಾತಾಡುವ ಅಧಿಕಾರಿಗಳು ಬಾಯಲ್ಲಿ ಲವಂಗ ಇಟ್ಟುಕೊಳ್ಳಬೇಕಿತ್ತು.

ಆದರೆ ಅಂತಸ್ತೊಂದೇ ಕಾರಣವಾಗಿದ್ದರೆ ಕಸ್ತೂರಿಯೋ ಗುಲಾಬಿಯೋ ಬಾಯಿಯ ಪರಿಮಳದ ರಾಜನಾಗಬಹುದಿತ್ತು. ಲವಂಗ, ಏಲಕ್ಕಿ, ಕರ್ಪೂರ, ಪುದೀನ ಗೆದ್ದದ್ದಕ್ಕೆ ಶರೀರದೊಳಗೇ ಒಂದು ಕಾರಣವಿದೆ. ಇವು ಮೂಗಿಗೆ ಬರೀ ವಾಸನೆಯಾಗಿ ನಿಲ್ಲುವುದಿಲ್ಲ, ಬಾಯಿಯ ಚರ್ಮಕ್ಕೂ ಮುಟ್ಟುತ್ತವೆ. ಲವಂಗದ ಯೂಜಿನಾಲ್ ನಾಲಿಗೆಯನ್ನು ಮೊದಲು ಚುರುಗುಟ್ಟಿಸಿ ಆಮೇಲೆ ಜೋಮು ಹಿಡಿಸುತ್ತದೆ. ಅದೇ ಯೂಜಿನಾಲ್ ವೀಳ್ಯದೆಲೆಯಲ್ಲಿದೆ, ದೇವಸ್ಥಾನದ ತೀರ್ಥದ ತುಳಸಿಯಲ್ಲೂ ಇದೆ. ಏಲಕ್ಕಿಯ ಸಿನಿಯೋಲ್ ತಣ್ಣಗಿನ ಭಾವನೆ ಕೊಡುತ್ತದೆ. ಪುದೀನದ ಮೆಂಥಾಲ್‌ ಅದಕ್ಕಿಂತ ಮುಂದೆ ಹೋಗಿ ನರಗಳನ್ನೇ ನಂಬಿಸಿಬಿಡುತ್ತದೆ. ಬಾಯಿಯ ನರಗಳ ತುದಿಯಲ್ಲಿ ತಂಪನ್ನು ಗುರುತಿಸುವ ಒಂದು ಪ್ರೋಟೀನಿದೆ, ಅದರ ಹೆಸರು ಟಿಆರ್‌ಪಿಎಂ8. ತಣ್ಣೀರು ತಾಗಿದಾಗ ತೆರೆದುಕೊಳ್ಳುವ ಈ ಬಾಗಿಲು ಮೆಂಥಾಲ್‌ ತಾಗಿದರೂ ತೆರೆದುಕೊಳ್ಳುತ್ತದೆ. ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಬೇರೆ ಬೇರೆಯಾಗಿ ಇದನ್ನು ಕಂಡುಕೊಂಡದ್ದು 2002ರಲ್ಲಿ. ತಾಪ ಮತ್ತು ಸ್ಪರ್ಶವನ್ನು ಶರೀರ ಅರಿಯುವ ಬಗೆಯನ್ನು ಬಿಡಿಸಿದ್ದಕ್ಕೆ 2021ರ ನೊಬೆಲ್ ಬಹುಮಾನ ಇವರಿಬ್ಬರಿಗೆ ಬಂತು. ಪೆಪ್ಪರ್‌ಮಿಂಟ್ ಚೀಪಿ ಹೂಜಿಯ ನೀರು ಕುಡಿದರೆ ಅದು ಐಸ್ ನೀರಿನಂತೆ ಅನಿಸುವುದು ಇದರಿಂದಲೇ. ನೀರಿನ ತಾಪ ಒಂದಿಷ್ಟೂ ಇಳಿದಿರುವುದಿಲ್ಲ.

ಉಸಿರು ಒಳಗೆ ಎಳೆದಾಗಲೆಲ್ಲ ತಂಪು ಹರಿದರೆ ಬಾಯಿ ಈಗ ತಾನೇ ತೊಳೆದ ಕಲ್ಲಿನಂತೆ ತೋರುತ್ತದೆ. ಮಲ್ಲಿಗೆ ಹೀಗೆ ಮಾಡಲಾರದು. ಅದರ ಪರಿಮಳ ಮೂಗಿನವರೆಗೆ ಮಾತ್ರ. ಬಾಯಿಗೆ ಬೇಕಾದದ್ದು ಮುಟ್ಟಿ ತಿಳಿಸುವ ಪರಿಮಳ.

ಇಷ್ಟಾದರೂ ಕಥೆ ಅರ್ಧ ಮಾತ್ರ. ಮೂರು ವರ್ಷದ ಮಗುವಿನ ಬಾಯಿಗೆ ದೊಡ್ಡವರ ಪೇಸ್ಟ್ ಹಾಕಿದರೆ ಅದು ‘ಖಾರ, ಖಾರ’ ಎಂದು ಅಳುತ್ತದೆ. ದೊಡ್ಡವರು ತಾಜಾ ಎನ್ನುವುದು ಮಗುವಿಗೆ ಉರಿ. ಅದಕ್ಕೇ ಮಕ್ಕಳ ಪೇಸ್ಟಿಗೆ ಸ್ಟ್ರಾಬೆರಿಯ ರುಚಿ ಕೊಡುತ್ತಾರೆ. ಹತ್ತು ವರ್ಷ ಕಳೆದರೆ ಅದೇ ಹುಡುಗನಿಗೆ ಚುರುಕ್ಕೆನ್ನದ ಪೇಸ್ಟಿನಲ್ಲಿ ಹಲ್ಲುಜ್ಜಿದರೆ ಉಜ್ಜಿದ ಹಾಗೇ ಆಗುವುದಿಲ್ಲ. ನರ ಬದಲಾಗಲಿಲ್ಲ, ಅರ್ಥ ಬದಲಾಯಿತು.

ಈ ಅರ್ಥ ಕಟ್ಟುವ ಕೆಲಸ ತೊಟ್ಟಿಲಿಗಿಂತ ಮೊದಲೇ ಆರಂಭವಾಗುತ್ತದೆ. ಫ್ರಾನ್ಸಿನ ಬೆನುವಾ ಶಾಲ್ ಮತ್ತು ಸಂಗಡಿಗರು 2000ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಸುರಿಯಾಗಿದ್ದಾಗ ಸೋಂಪನ್ನು ಹೋಲುವ ಆನಿಸ್ ಬೀಜದ ತಿಂಡಿ ತಿಂದ ತಾಯಂದಿರ ಶಿಶುಗಳು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಆ ವಾಸನೆಯ ಕಡೆ ಒಲವು ತೋರಿದವು. ತಿನ್ನದ ತಾಯಂದಿರ ಶಿಶುಗಳು ಅದಕ್ಕೆ ಮುಖ ಸಿಂಡರಿಸಿದವು, ಇಲ್ಲವೆ ಸುಮ್ಮನಿದ್ದವು. ಬಾಣಂತಿಗೆ ಊಟದ ಮೇಲೆ ಎಲೆ ಕೊಡುತ್ತಿದ್ದ, ಓಮ, ಜೀರಿಗೆಯ ಮದ್ದು ತಿನ್ನಿಸುತ್ತಿದ್ದ ಮನೆಗಳ ಮಕ್ಕಳಿಗೆ ಈ ವಾಸನೆಗಳು ತಾಯಿಯ ಉಸಿರಿನ ಜೊತೆಗೇ ಬಂದವು ಎಂದು ಊಹಿಸುವುದು ಕಷ್ಟವಲ್ಲ.

ಒಂದೇ ವಾಸನೆ ಎರಡು ಊರಿನಲ್ಲಿ ಎರಡು ಅರ್ಥ ಕೊಡುವುದಕ್ಕೆ ವಿಂಟರ್‌ಗ್ರೀನ್ ಎಂಬ ಗಿಡದ ಎಣ್ಣೆ ಒಳ್ಳೆಯ ನಿದರ್ಶನ. ಅಮೆರಿಕದಲ್ಲಿ ಅದು ಚ್ಯೂಯಿಂಗ್ ಗಮ್ಮಿನ, ಮಿಠಾಯಿಯ ವಾಸನೆ. ಅಲ್ಲಿಯವರು ಅದನ್ನು ಬಹಳ ಹಿತವೆಂದು ಎಣಿಸುತ್ತಾರೆ. ಬ್ರಿಟನ್ನಿನ ಹಳೆಯ ತಲೆಮಾರಿನವರಿಗೆ ಅದು ನೋವಿಗೆ ಹಚ್ಚುವ ಔಷಧದ ವಾಸನೆ. ಅವರು ಅದಕ್ಕೆ ಮೂಗು ಮುರಿಯುತ್ತಾರೆ. ಬೆಳ್ತಂಗಡಿಯ ಅಂಗಡಿಯಲ್ಲಿ ಆ ವಾಸನೆಯ ಮಿಠಾಯಿ ಕೊಟ್ಟರೂ ತಿಂದವರಿಗೆ ಸೊಂಟನೋವಿನ ಮುಲಾಮು ನೆನಪಾಗುತ್ತದೆ. ಲವಂಗದ ಯೂಜಿನಾಲ್ ಹಲ್ಲಿನ ತೂತು ತುಂಬುವ ಮದ್ದಿನಲ್ಲೂ ಬಳಕೆಯಲ್ಲಿದೆ. ದಂತವೈದ್ಯರ ಹೆಸರಿಗೇ ಹೆದರುವವರಿಗೆ ಆ ವಾಸನೆ ಭಯ ಹುಟ್ಟಿಸುತ್ತದೆ, ಹೆದರದವರಿಗೆ ಹಿತವಾಗಿರುತ್ತದೆ ಎಂಬುದನ್ನೂ ಫ್ರಾನ್ಸಿನ ಸಂಶೋಧಕರೇ ತೋರಿಸಿದ್ದಾರೆ.

ಪುದೀನ ಈ ನಾಡಿನ ಬಾಯಿಗೆ ಹೊಸಬ. ಬಂಟ್ವಾಳದ ಬ್ಯಾರಿ ಮನೆಗಳಲ್ಲಿ ಅದು ಬಿರಿಯಾನಿಯ ಸೊಪ್ಪು, ಉಳಿದವರಿಗೆ ಚಟ್ನಿಯ ಸೊಪ್ಪು. ಹಲ್ಲಿಗೂ ಅದಕ್ಕೂ ನಂಟು ಬೆಸೆದದ್ದು ಪೇಸ್ಟಿನ ಕಂಪೆನಿಗಳು. ಕೋಲ್ಗೇಟ್ ಕಂಪೆನಿ ಸುವಾಸನೆಯ ಪೇಸ್ಟನ್ನು ಅಮೆರಿಕದಲ್ಲಿ ಭರಣಿಯಲ್ಲಿ ತುಂಬಿ ಮಾರಲು ಶುರುಮಾಡಿದ್ದು 1873ರಲ್ಲಿ. ಭಾರತಕ್ಕೆ ಕಾಲಿಟ್ಟದ್ದು 1937ರಲ್ಲಿ. 1879ರಲ್ಲಿ ಹುಟ್ಟಿದ ಲಿಸ್ಟರಿನ್ ಮೊದಲು ಶಸ್ತ್ರಚಿಕಿತ್ಸೆಯ ಕ್ರಿಮಿನಾಶಕವಾಗಿತ್ತು. 1920ರ ದಶಕದಲ್ಲಿ ಅದರ ಜಾಹೀರಾತುಗಳು ಬಾಯಿ ವಾಸನೆಗೆ ‘ಹ್ಯಾಲಿಟೋಸಿಸ್’ ಎಂಬ ಕಾಯಿಲೆಯಂಥ ಹೆಸರನ್ನು ಮನೆಮಾತಾಗಿಸಿ, ಮದುವೆ ಮುರಿಯುವುದಕ್ಕೂ ಅದೇ ಕಾರಣ ಎಂಬ ಭಯ ಹುಟ್ಟಿಸಿ ಮಾರಾಟ ಹೆಚ್ಚಿಸಿದವು. ಕರ್ನಾಟಕದಲ್ಲಿ 1913ರಲ್ಲಿ ಆರಂಭವಾದ ನಂಜನಗೂಡಿನ ಸದ್ವೈದ್ಯಶಾಲೆಯ ಹಲ್ಲುಪುಡಿ ಮೈಸೂರು ಸೀಮೆಯ ಮನೆಮನೆಯಲ್ಲಿ ಇದ್ದ ಕಾಲಕ್ಕೇ ಪೇಸ್ಟಿನ ಟ್ಯೂಬು ನಿಧಾನವಾಗಿ ಬರತೊಡಗಿತ್ತು.

ಅದನ್ನು ಹರಡಿದ್ದರಲ್ಲಿ ರೇಡಿಯೋದ ಪಾಲೂ ದೊಡ್ಡದು. 1952ರಲ್ಲಿ ರೇಡಿಯೋ ಸಿಲೋನಿನಲ್ಲಿ ಶುರುವಾದ ‘ಬಿನಾಕಾ ಗೀತಮಾಲಾ’ ಒಂದು ಟೂತ್‌ಪೇಸ್ಟಿನ ಹೆಸರು ಹೊತ್ತ ಕಾರ್ಯಕ್ರಮ. ಅಮೀನ್ ಸಯಾನಿಯವರ ದನಿ ಕೇಳಲೆಂದು ಬುಧವಾರ ರಾತ್ರಿ ಕಾಯುತ್ತಿದ್ದವರ ಕಿವಿಗೆ ಹಾಡಿನ ಜೊತೆ ಪೇಸ್ಟೂ ಇಳಿಯಿತು. ಮುಂದೆ ‘ಪ್ರಾಮಿಸ್’ ಎಂಬ ಪೇಸ್ಟು ಲವಂಗದ ಎಣ್ಣೆ ಇದೆ ಎಂದೇ ಹೇಳಿಕೊಂಡು ಬಂತು. ಹಲ್ಲುನೋವಿಗೆ ಲವಂಗ ಕಚ್ಚಿ ಬೆಳೆದ ಜನಕ್ಕೆ ಅದನ್ನು ವಿವರಿಸಬೇಕಾದ ಅಗತ್ಯವೇ ಇರಲಿಲ್ಲ. ಇಂದು ಜಗತ್ತಿಗೆ ಮೆಂಥಾಲ್‌ ಪುದೀನದ ಎಣ್ಣೆಯನ್ನು ಅತಿ ಹೆಚ್ಚು ಒದಗಿಸುವುದು ಭಾರತ. ಉತ್ತರ ಪ್ರದೇಶದ ಬಾರಾಬಂಕಿ ಅದರ ದೊಡ್ಡ ನೆಲೆ.

ಶುದ್ಧವಾದ ಬಾಯಿ ಎಂದರೆ ಪರಿಮಳದ ಬಾಯಿ ಎಂಬುದನ್ನು ಎಲ್ಲರೂ ಒಪ್ಪಿಲ್ಲ ಎಂಬುದಕ್ಕೂ ಇದೇ ಮೂರು ಊರುಗಳಲ್ಲಿ ನಿದರ್ಶನವಿದೆ. ಮೂಡುಬಿದಿರೆಯನ್ನು ಜೈನಕಾಶಿ ಎನ್ನುತ್ತಾರೆ. ಅಲ್ಲಿಗೆ ವಿಹಾರ ಬರುವ ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಒಂದು ಅದಂತಧಾವನ, ಅಂದರೆ ಹಲ್ಲುಜ್ಜದಿರುವ ವ್ರತ. ದಿನಕ್ಕೆ ಒಮ್ಮೆ ಮಾತ್ರ, ನಿಂತು, ಅಂಗೈಯಲ್ಲೇ ಆಹಾರ ಸ್ವೀಕರಿಸುವ ಅವರ ಬಾಯಿಗೆ ಏಲಕ್ಕಿಯೂ ಇಲ್ಲ, ಪುದೀನವೂ ಇಲ್ಲ. ಶ್ರಾವಕರು ಅವರ ಮುಂದೆ ತಲೆಬಾಗುವಾಗ ಯಾರಿಗೂ ಅಶುದ್ಧಿ ಕಾಣುವುದಿಲ್ಲ. ಬಂಟ್ವಾಳದ ಮುಸ್ಲಿಮರಲ್ಲಿ ಮಿಸ್ವಾಕ್ ಕಡ್ಡಿಯಿಂದ ಹಲ್ಲುಜ್ಜುವುದು ಪ್ರವಾದಿಯ ಸುನ್ನತ್. ಆ ಕಡ್ಡಿಯ ವಾಸನೆ ಸಾಸಿವೆಯಂತೆ ಚುರುಕು. ಅದರ ಕಾರಣವಾದ ಐಸೋಥಯೋಸಯನೇಟ್ ಬ್ಯಾಕ್ಟೀರಿಯಾಗಳ ವಿರುದ್ಧ ಕೆಲಸವನ್ನೂ ಮಾಡುತ್ತದೆ. ಇನ್ನು ರಮ್ಜಾನಿನಲ್ಲಿ ಉಪವಾಸವಿದ್ದವರ ಬಾಯಿಯ ವಾಸನೆ ಅಲ್ಲಾಹನಿಗೆ ಕಸ್ತೂರಿಗಿಂತ ಪ್ರಿಯ ಎಂಬ ನಂಬಿಕೆ ಅವರದ್ದು. ವಾಸನೆಗೆ ಬೆಲೆ ಬರುವುದು ಅದರ ಹಿಂದಿನ ಬದುಕಿನಿಂದ ಎಂಬುದು ಇಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಇಲ್ಲಿಂದ ಮುಂದಿನದ್ದು ಅಡಿಕೆಯ ಮಾತು, ಅದು ಸ್ವಲ್ಪ ಕಷ್ಟದ್ದು. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ ಕೇಂದ್ರೀಯ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾದದ್ದು 1956ರಲ್ಲಿ. ‘ಮಂಗಳ’ ಎಂಬ ತಳಿ 1972ರಲ್ಲಿ ಇಲ್ಲಿಂದಲೇ ಹೊರಬಂತು. ಮರುವರ್ಷ, 1973ರಲ್ಲಿ, ಬೆಲೆ ಕುಸಿದು ಕಂಗಾಲಾದ ಬೆಳೆಗಾರರಿಗಾಗಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆ ಕಟ್ಟಿದ ವಾರಣಾಶಿ ಸುಬ್ರಾಯ ಭಟ್ಟರು ಇದೇ ತಾಲೂಕಿನ ಅಡ್ಯನಡ್ಕದವರು. ಅಂಗಳದಲ್ಲಿ ತಿಂಗಳುಗಟ್ಟಲೆ ಒಣಗುವ ಚಾಲಿ ಅಡಿಕೆಯ ವಾಸನೆ ಇಲ್ಲಿಯವರಿಗೆ ಮಕ್ಕಳ ಶಾಲಾ ಶುಲ್ಕದ, ಮಗಳ ಮದುವೆಯ, ಸಾಲ ತೀರಿದ ವರ್ಷದ ವಾಸನೆ. ಆದರೂ ಹೇಳಬೇಕಾದದ್ದನ್ನು ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ, ತಂಬಾಕು ಸೇರಿಸದಿದ್ದರೂ ಅಡಿಕೆ ಅಗಿಯುವುದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ತೀರ್ಮಾನಿಸಿದೆ. ವರ್ಷಗಟ್ಟಲೆ ಅಗಿದವರಲ್ಲಿ ಕೆನ್ನೆಯ ಒಳಚರ್ಮ ಹಗ್ಗದಂತೆ ಗಟ್ಟಿಯಾಗಿ ಬಾಯಿ ತೆರೆಯಲು ಆಗದ ಕಾಯಿಲೆ ಬರುತ್ತದೆ. ತಂಬಾಕು ಸೇರಿದರೆ ಅಪಾಯ ಇನ್ನಷ್ಟು.

ಪರಿಮಳ ಕೇಡು ಮಾಡುವುದು ಇಲ್ಲಿಯೇ. ಗುಟ್ಕಾವನ್ನು ಕರ್ನಾಟಕ ಸರ್ಕಾರ 2013ರಲ್ಲಿ ನಿಷೇಧಿಸಿತು. ಆದರೆ ಪಾನ್ ಮಸಾಲೆಯ ಪೊಟ್ಟಣಗಳು ಇಂದಿಗೂ ಅಂಗಡಿಯ ಮುಂದೆ ಮಾಲೆಯಾಗಿ ತೂಗುತ್ತವೆ. ಅವುಗಳೊಳಗೆ ಅಡಿಕೆಯ ಜೊತೆ ಸೇರಿಸಿದ್ದು ಏಲಕ್ಕಿ, ಮೆಂಥಾಲ್‌, ಕೇದಗೆ, ಗುಲಾಬಿ. ಅಜ್ಜಿಯ ತಟ್ಟೆಯ ಮರ್ಯಾದೆಯೂ ಪೇಸ್ಟಿನ ತಂಪೂ ಒಂದೇ ಪೊಟ್ಟಣದಲ್ಲಿ. ಹದಿನಾರರ ಹುಡುಗನಿಗೆ ಅದು ಬಾಯಿ ಶುದ್ಧ ಮಾಡುವ ವಸ್ತುವಾಗಿ ಕಾಣುತ್ತದೆ. ಶುದ್ಧಿಯ ಗುರುತೆಂದು ತಲೆಮಾರುಗಳು ಕಲಿತ ವಾಸನೆಯೇ ಅವನನ್ನು ಮೋಸಗೊಳಿಸುತ್ತದೆ. ಒಳಗೆ ವಸಡು ಕೊಳೆಯುತ್ತಿದ್ದರೂ ಹುಣ್ಣು ಬೆಳೆಯುತ್ತಿದ್ದರೂ ಹೊರಗೆ ಏಲಕ್ಕಿಯ ಉಸಿರು. ಬಾಯಿ ವಾಸನೆ ಬರುವುದೂ ಶರೀರ ಕೊಡುವ ಒಂದು ಸೂಚನೆ. ಸಕ್ಕರೆ ಕಾಯಿಲೆ ಮಿತಿಮೀರಿದಾಗ ಉಸಿರು ಕೊಳೆತ ಹಣ್ಣಿನಂತೆ ಸಿಹಿಯಾಗಿ ಬರುವುದೂ ಅಂಥದ್ದೇ. ಮೆಂಥಾಲ್‌ ಹಾಕಿ ಮುಚ್ಚಿದರೆ ಸೂಚನೆ ಮಾತ್ರ ಮುಚ್ಚುತ್ತದೆ.

ಹಾಗೆಂದು ಮದುವೆ ಮನೆಯ ಬಾಗಿಲಿನ ತಟ್ಟೆಯನ್ನು ತೆಗೆದಿಡಬೇಕಾಗಿಲ್ಲ. ವೀಳ್ಯದೆಲೆ, ಏಲಕ್ಕಿ, ಸೋಂಪು, ಒಂದು ಲವಂಗ ಸೇರಿದರೆ ಮರ್ಯಾದೆಗೂ ಪರಿಮಳಕ್ಕೂ ಸಾಕು; ಅಡಿಕೆ ಶಾಸ್ತ್ರಕ್ಕೆ ತಟ್ಟೆಯಲ್ಲಿರಲಿ, ದಿನದ ಅಗಿತಕ್ಕೆ ಬೇಡ. ಬೆಳಗ್ಗೆ ಹಲ್ಲುಜ್ಜಿದ ಮೇಲೆ ನಾಲಿಗೆ ಹೆರೆಯುವುದನ್ನು ಮಕ್ಕಳಿಗೆ ಕಲಿಸಬೇಕು. ಇಷ್ಟು ಮಾಡಿಯೂ ವಾಸನೆ ಹೋಗದಿದ್ದರೆ ಪೇಸ್ಟ್ ಬದಲಾಯಿಸುವುದಕ್ಕಿಂತ ದಂತವೈದ್ಯರಲ್ಲಿಗೆ ಹೋಗುವುದು ಒಳ್ಳೆಯದು.

ಎಲೆ ಅಡಿಕೆಯೋ ಪೊಟ್ಟಣವೋ ಅಭ್ಯಾಸವಿರುವವರು ಈ ಮಾತು ಮುಗಿದ ಕೂಡಲೇ ಕನ್ನಡಿಯ ಮುಂದೆ ನಿಂತು ಒಂದು ಪರೀಕ್ಷೆ ಮಾಡಿ ನೋಡಲಿ. ಬಾಯಿಯನ್ನು ಪೂರ್ತಿ ತೆರೆದು ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನೆಟ್ಟಗೆ ಹಿಡಿದು ಮೇಲಿನ ಕೆಳಗಿನ ಹಲ್ಲುಗಳ ನಡುವೆ ಇಡಬೇಕು. ಮೂರು ಬೆರಳು ಹಿಡಿಸದಿದ್ದರೆ, ಅಥವಾ ಬಾಯೊಳಗಿನ ಹುಣ್ಣು, ಬಿಳಿ ಕೆಂಪು ಕಲೆ ಎರಡು ಮೂರು ವಾರದಲ್ಲಿ ಮಾಯದಿದ್ದರೆ, ನೋವಿಲ್ಲ ಎಂದು ಸುಮ್ಮನಿರದೆ ತಾಲೂಕು ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳಬೇಕು.